ಸತ್ತವರ ಪರವಾಗಿ ಪ್ರಶ್ನೆ ಕೇಳಿದ ಥಾಮಸ್ ವೇಕ್ಲಿ

1846ರ ಜುಲೈ 11ರಂದು ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋ ಸೇನಾ ನೆಲೆಯಲ್ಲಿ ಫ್ರೆಡರಿಕ್ ಜಾನ್ ವೈಟ್ ಎಂಬ ಸಾಮಾನ್ಯ ಸೈನಿಕ ಮೃತಪಟ್ಟ. ಹೃದಯ ಮತ್ತು ಶ್ವಾಸಕೋಶದ ಬೇನೆಯೇ ಸಾವಿಗೆ ಕಾರಣವೆಂದು ಸೇನಾ ವೈದ್ಯರು ಬರೆದುಕೊಟ್ಟರು. ಸುಮಾರು ನಾಲ್ಕು ವಾರಗಳ ಹಿಂದೆ, ಜೂನ್ 15ರಂದು, ಆತನ ಬೆನ್ನಿನ ಮೇಲೆ 150 ಚಾವಟಿಯೇಟುಗಳು ಬಿದ್ದಿದ್ದವು. ಶಿಕ್ಷೆಗೂ ಸಾವಿಗೂ ಸಂಬಂಧವಿಲ್ಲವೆಂಬುದು ಸೇನೆಯ ನಿಲುವಾಗಿತ್ತು. ಹೆಸ್ಟನ್ ಚರ್ಚಿನ ಪಾದ್ರಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೊರೊನರ್ ಅವರ ಗಮನಕ್ಕೆ ತಾರದೆ ಶವವನ್ನು ಹೂಳಲು ಅವರು ಒಪ್ಪಲಿಲ್ಲ. ಆ ಪ್ರದೇಶದ ಕೊರೊನರ್ ಆಗಿದ್ದವನು ಥಾಮಸ್ ವೇಕ್ಲಿ. ವೈದ್ಯಲೋಕ ಇಂದಿಗೂ ಗೌರವದಿಂದ ಕಾಣುವ ‘ಲ್ಯಾನ್ಸೆಟ್’ ಪತ್ರಿಕೆಯ ಸ್ಥಾಪಕನೂ ಈತನೇ.

ಕೊರೊನರ್ ಎಂದರೆ ಅಸಹಜ ಹಾಗೂ ಕಾರಣ ತಿಳಿಯದ ಸಾವುಗಳನ್ನು ವಿಚಾರಿಸುವ ಅಧಿಕಾರಿ. ಇಂಗ್ಲೆಂಡಿನಲ್ಲಿ ಈ ಹುದ್ದೆಯ ಇತಿಹಾಸ 1194ರಷ್ಟು ಹಿಂದಕ್ಕೆ ಹೋಗುತ್ತದೆ. ಆರಂಭದಲ್ಲಿ ದೊರೆಯ ಬೊಕ್ಕಸಕ್ಕೆ ಸಲ್ಲಬೇಕಾದುದನ್ನು ಕಾಯುವುದೇ ಅದರ ಮುಖ್ಯ ಕೆಲಸವಾಗಿತ್ತು. ಕಾಲಕ್ರಮೇಣ ಅದು ಸಾವಿನ ವಿಚಾರಣೆಗೆ ಮೀಸಲಾಯಿತು. ಸ್ಥಳೀಯರ ಪಂಚಮಂಡಳಿಯೊಂದು ಶವವನ್ನು ನೋಡಿ, ಸಾಕ್ಷ್ಯ ಕೇಳಿ, ಬಹಿರಂಗವಾಗಿ ತೀರ್ಮಾನ ಹೇಳುತ್ತಿತ್ತು. ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅದು ಬಹುಮಟ್ಟಿಗೆ ಒಂದು ಶಾಸ್ತ್ರವಾಗಿ ಉಳಿದಿತ್ತು. ಅದಕ್ಕೆ ಮತ್ತೆ ಜೀವ ತುಂಬಿದವನು ವೇಕ್ಲಿ.

ಆತ ಹುಟ್ಟಿದ್ದು 1795ರಲ್ಲಿ, ಡೆವನ್ ಪ್ರಾಂತ್ಯದ ಮೆಂಬರಿ ಗ್ರಾಮದಲ್ಲಿ. ಅನುಕೂಲಸ್ಥ ರೈತನೊಬ್ಬನ ಹನ್ನೊಂದು ಮಕ್ಕಳಲ್ಲಿ ಕೊನೆಯವನು. ಲಂಡನ್ನಿನ ಆಸ್ಪತ್ರೆಗಳಲ್ಲಿ ಕಲಿತು 1817ರಲ್ಲಿ ಶಸ್ತ್ರವೈದ್ಯನಾಗಿ ಅರ್ಹತೆ ಪಡೆದ. 1820ರಲ್ಲಿ ಮದುವೆಯಾಗಿ ನಗರದ ಪ್ರತಿಷ್ಠಿತ ಬೀದಿಯಲ್ಲಿ ಮನೆ ಹೂಡಿದ. ಕೆಲವೇ ತಿಂಗಳಲ್ಲಿ ಆ ಬದುಕು ಬೂದಿಯಾಯಿತು. ಅದೇ ವರ್ಷದ ಆಗಸ್ಟ್‌ನ ಒಂದು ರಾತ್ರಿ ದುಷ್ಕರ್ಮಿಗಳು ಆತನ ಮೇಲೆ ಹಲ್ಲೆ ನಡೆಸಿದರು. ಮನೆ ಬೆಂಕಿಗೆ ಆಹುತಿಯಾಯಿತು. ಸರ್ಕಾರದ ವಿರುದ್ಧ ಸಂಚು ಹೂಡಿ ಗಲ್ಲಿಗೇರಿದ್ದವರ ರುಂಡ ಕತ್ತರಿಸಿದ ಮುಸುಕುಧಾರಿ ಈತನೇ ಎಂಬ ಸುಳ್ಳು ವದಂತಿ ಊರಲ್ಲಿ ಹಬ್ಬಿತ್ತು. ಇತ್ತ ವಿಮಾ ಕಂಪನಿ, ಮನೆಗೆ ಆತನೇ ಬೆಂಕಿಯಿಟ್ಟುಕೊಂಡನೆಂದು ಶಂಕಿಸಿ ಹಣ ಕೊಡಲು ನಿರಾಕರಿಸಿತು. ವೇಕ್ಲಿ ನ್ಯಾಯಾಲಯದಲ್ಲಿ ಗೆದ್ದನಾದರೂ ವೈದ್ಯವೃತ್ತಿಗೆ ಬಿದ್ದ ಪೆಟ್ಟು ಮಾಯಲಿಲ್ಲ. ಬಹಿರಂಗ ವಿಚಾರಣೆಯ ಬೆಲೆಯೇನೆಂಬುದನ್ನು ಆತ ಪುಸ್ತಕದಿಂದಲ್ಲ, ಸ್ವಂತ ಅನುಭವದಿಂದಲೇ ಅರಿತ ಎಂದರೆ ತಪ್ಪಾಗಲಾರದು.

1823ರ ಅಕ್ಟೋಬರ್ 5ರಂದು ‘ಲ್ಯಾನ್ಸೆಟ್’ ಹೊರಬಂತು. ದುಬಾರಿ ಶುಲ್ಕ ತೆತ್ತವರಿಗೆ ಮಾತ್ರ ಸಿಗುತ್ತಿದ್ದ ಖ್ಯಾತ ವೈದ್ಯರ ಉಪನ್ಯಾಸಗಳನ್ನು ಅದು ಎಲ್ಲರಿಗೂ ತಲುಪಿಸಿತು. ಆಸ್ಪತ್ರೆಗಳ ಹುದ್ದೆಗಳು ನೆಂಟರಿಷ್ಟರಲ್ಲೇ ಹಂಚಿಹೋಗುತ್ತಿದ್ದುದನ್ನು ಬಯಲಿಗೆಳೆಯಿತು. ಹೆಸರಾಂತ ಶಸ್ತ್ರವೈದ್ಯರೊಬ್ಬರ ಸೋದರಳಿಯ ನಡೆಸಿದ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯೊಬ್ಬ ಸತ್ತ ಪ್ರಸಂಗವನ್ನು ಪ್ರಕಟಿಸಿದ್ದಕ್ಕೆ 1828ರಲ್ಲಿ ವೇಕ್ಲಿಯ ಮೇಲೆ ಮಾನನಷ್ಟ ಮೊಕದ್ದಮೆ ನಡೆಯಿತು. ವಾದಿ ಕೇಳಿದ್ದು 2,000 ಪೌಂಡ್, ಪಂಚಮಂಡಳಿ ಕೊಡಿಸಿದ್ದು 100 ಪೌಂಡ್. ಆತನ ಲೇಖನಿಗೆ ಸಂಯಮ ಕಡಿಮೆಯಿತ್ತು, ವೈಯಕ್ತಿಕ ನಿಂದನೆಗೂ ಆತ ಹಿಂಜರಿಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಕೊರೊನರ್ ಹುದ್ದೆಯಲ್ಲಿ ವೈದ್ಯರೇ ಇರಬೇಕೆಂಬುದು ಆತನ ದೀರ್ಘಕಾಲದ ವಾದ. ವಿಷಪ್ರಾಶನವೋ ಕಾಯಿಲೆಯೋ ಎಂದು ತಿಳಿಯದವರು ಸಾವಿನ ಕಾರಣವನ್ನು ಹೇಗೆ ನಿರ್ಣಯಿಸಿಯಾರು? ಆಗ ಈ ಹುದ್ದೆಗೆ ಭೂಮಾಲೀಕರು ಮತ ಹಾಕಿ ಆರಿಸುತ್ತಿದ್ದರು. 1830ರ ಚುನಾವಣೆಯಲ್ಲಿ ವೇಕ್ಲಿ ಅಲ್ಪ ಅಂತರದಿಂದ ಸೋತ. 1835ರಲ್ಲಿ ಫಿನ್ಸ್‌ಬರಿ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದ. ಒಕ್ಕೂಟ ಕಟ್ಟಿದ್ದಕ್ಕಾಗಿ ಗಡೀಪಾರಾಗಿದ್ದ ಟಾಲ್‌ಪಡಲ್ ಗ್ರಾಮದ ಕೃಷಿ ಕೂಲಿಕಾರರ ಬಿಡುಗಡೆಗಾಗಿ ಸದನದಲ್ಲಿ ದನಿಯೆತ್ತಿದ.

ಮರುವರ್ಷ, 1836ರಲ್ಲಿ, ಆತನ ಪ್ರಯತ್ನದಿಂದ ವೈದ್ಯಸಾಕ್ಷಿಗಳ ಕಾಯಿದೆ ಜಾರಿಗೆ ಬಂತು. ವಿಚಾರಣೆಯಲ್ಲಿ ಸಾಕ್ಷ್ಯ ಹೇಳುವ ವೈದ್ಯನಿಗೆ ಒಂದು ಗಿನಿ, ಶವಪರೀಕ್ಷೆಯನ್ನೂ ನಡೆಸಿದರೆ ಎರಡು ಗಿನಿ ಶುಲ್ಕ ನಿಗದಿಯಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪುಟ್ಟ ಅಂಶ ಬಹಳ ಮುಖ್ಯವಾಗಿ ಕಾಣುತ್ತದೆ. ಹಣದ ಏರ್ಪಾಡಿಲ್ಲದ ಕರ್ತವ್ಯ ಆದರ್ಶವಾಗಿಯೇ ಉಳಿಯುತ್ತದೆ. ಮೊದಲ ವೈದ್ಯನ ಹೇಳಿಕೆ ತೃಪ್ತಿಕರವಲ್ಲವೆಂದು ಕಂಡರೆ ಮತ್ತೊಬ್ಬ ವೈದ್ಯನನ್ನು ಕರೆಸುವಂತೆ ಕೇಳುವ ಅಧಿಕಾರವನ್ನೂ ಆ ಕಾಯಿದೆ ಪಂಚರಿಗೆ ನೀಡಿತು.

1839ರ ಫೆಬ್ರುವರಿಯಲ್ಲಿ ವೇಕ್ಲಿ ಪಶ್ಚಿಮ ಮಿಡ್ಲ್‌ಸೆಕ್ಸ್‌ನ ಕೊರೊನರ್ ಆದ. ಅನಾಥಾಲಯ, ಸೆರೆಮನೆ, ಬಡವರ ದುಡಿಮೆಶಾಲೆಗಳಲ್ಲಿನ ಸಾವುಗಳನ್ನು ಆತ ಸುಮ್ಮನೆ ಬಿಡಲಿಲ್ಲ. ಹೆಂಡನ್ ದುಡಿಮೆಶಾಲೆಯಲ್ಲಿ ಕುದಿಯುವ ನೀರಿನ ಹಂಡೆಗೆ ಬಿದ್ದು ಸತ್ತ ಮುದುಕನನ್ನು ವಿಚಾರಣೆಯಿಲ್ಲದೆ ಹೂಳಲಾಗಿತ್ತು. ವೇಕ್ಲಿ ಶವವನ್ನು ಹೊರತೆಗೆಸಿದ. ವಿಚಾರಣೆಗಳ ಖರ್ಚು ಹೆಚ್ಚಿತೆಂದು ಜಿಲ್ಲೆಯ ಮ್ಯಾಜಿಸ್ಟ್ರೇಟರು ಆಕ್ಷೇಪಿಸಿದರು. ಆತ ಜಗ್ಗಲಿಲ್ಲ. 1840ರಲ್ಲಿ ಮನೆಗೆಲಸದ ಹುಡುಗಿಯೊಬ್ಬಳ ಶಿಶುವಿನ ಸಾವಿನ ವಿಚಾರಣೆಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪಂಚರಲ್ಲೊಬ್ಬನಾಗಿ ಕುಳಿತಿದ್ದ. ಎರಡು ದಶಕಗಳಾದ ಮೇಲೂ ಆ ಕೊರೊನರ್‌ನ ಮಾನವೀಯತೆಯನ್ನು ನೆನೆದು ಬರೆದ.

ಈಗ ಹೌನ್ಸ್ಲೋಗೆ ಹಿಂದಿರುಗೋಣ. ಸೇನಾ ವೈದ್ಯರ ಶವಪರೀಕ್ಷೆ ಸಾಲದೆಂದು ಕಂಡಾಗ ಹೊರಗಿನ ತಜ್ಞ ಎರಾಸ್ಮಸ್ ವಿಲ್ಸನ್‌ನನ್ನು ಕರೆಸಲಾಯಿತು. ಹೂತಿದ್ದ ಶವವನ್ನು ಮತ್ತೆ ತೆಗೆದು ಬೆನ್ನೆಲುಬಿನ ಭಾಗವನ್ನು ಪರೀಕ್ಷಿಸಿದ ವಿಲ್ಸನ್, ಅಲ್ಲಿನ ಸ್ನಾಯುಗಳ ಹಾನಿಗೆ ಚಾವಟಿಯೇಟೇ ಕಾರಣವೆಂದ. ಆ ಕ್ರೂರ ಶಿಕ್ಷೆಯ ಪರಿಣಾಮವಾಗಿಯೇ ವೈಟ್ ಸತ್ತನೆಂದು ಪಂಚಮಂಡಳಿ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ದೇಶದಾದ್ಯಂತ ಕೋಲಾಹಲವೆದ್ದಿತು. ಅದೇ ತಿಂಗಳು ಸೇನೆ ಚಾವಟಿಯೇಟಿನ ಮಿತಿಯನ್ನು 50ಕ್ಕೆ ಇಳಿಸಿತು. 1881ರಲ್ಲಿ ಶಿಕ್ಷೆಯೇ ರದ್ದಾಯಿತು. ವಿಲ್ಸನ್‌ನ ವೈದ್ಯಕೀಯ ತರ್ಕವನ್ನು ಒಪ್ಪದವರು ಆಗಲೂ ಇದ್ದರು, ಅನಂತರವೂ ಇದ್ದಾರೆ. ಆದರೆ ಭಿನ್ನಾಭಿಪ್ರಾಯವೂ ಬಹಿರಂಗವಾಗಿ ದಾಖಲಾಯಿತು ಎಂಬುದೇ ಇಲ್ಲಿನ ಗೆಲುವು. ಶಿಕ್ಷಿಸಿದವರೇ ಸಾವಿನ ಕಾರಣವನ್ನೂ ಬರೆದು ಕಡತ ಮುಚ್ಚುವ ಪದ್ಧತಿಗೆ ಒಬ್ಬ ಸ್ವತಂತ್ರ ಅಧಿಕಾರಿ ತಡೆಯೊಡ್ಡಿದ್ದ.

ವೇಕ್ಲಿ 1862ರ ಮೇ 16ರಂದು ಮಡೀರಾ ದ್ವೀಪದಲ್ಲಿ ನಿಧನನಾದ. ಕೊನೆಯವರೆಗೂ ಕೊರೊನರ್ ಆಗಿಯೇ ಇದ್ದ. ಕೊರೊನರ್ ವಕೀಲನೋ ವೈದ್ಯನೋ ಆಗಿರಲೇಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1926ರಲ್ಲಿ. 2009ರ ಕಾಯಿದೆಯ ನಂತರ ಹೊಸ ನೇಮಕಕ್ಕೆ ಕಾನೂನು ಅರ್ಹತೆಯೇ ಬೇಕು. ವೈದ್ಯರೇ ಇರಬೇಕೆಂಬ ಆತನ ವಾದ ಹೀಗೆ ಸೋತಿತು. ಸ್ವತಂತ್ರ ವಿಚಾರಣೆ ಬೇಕೆಂಬ ವಾದ ಉಳಿಯಿತು.

ನಮ್ಮಲ್ಲಿ? ಬ್ರಿಟಿಷರು 1871ರ ಕೊರೊನರ್ ಕಾಯಿದೆಯನ್ನು ಪ್ರೆಸಿಡೆನ್ಸಿ ನಗರಗಳಿಗಷ್ಟೇ ಸೀಮಿತಗೊಳಿಸಿದರು. ಮುಂಬೈನಲ್ಲಿ ಕೊರೊನರ್ ನ್ಯಾಯಾಲಯ 1999ರಲ್ಲಿ ಮುಚ್ಚಿತು. ದೇಶದ ಉಳಿದೆಡೆ ಮೊದಲಿಂದಲೂ ಪೊಲೀಸರು ಪಂಚರ ಸಮಕ್ಷಮ ಶವ ಮಹಜರು ನಡೆಸುತ್ತಾರೆ. ಮದುವೆಯಾದ ಏಳು ವರ್ಷಗಳೊಳಗೆ ಅಸಹಜವಾಗಿ ಸತ್ತ ಮಹಿಳೆಯರ ಪ್ರಕರಣಗಳಲ್ಲಿ ತಾಲ್ಲೂಕು ದಂಡಾಧಿಕಾರಿಯಾಗಿ ನಾನೂ ಇಂಥ ಮಹಜರುಗಳನ್ನು ನಡೆಸಿದ್ದೇನೆ. ಕಂದಾಯ ವಸೂಲಿ, ಚುನಾವಣೆ, ಬರ ಪರಿಹಾರಗಳ ನಡುವೆ ಆಸ್ಪತ್ರೆಯ ಶವಾಗಾರಕ್ಕೆ ಧಾವಿಸಿ, ಅಳುತ್ತಿದ್ದ ತಾಯಂದಿರ ಹೇಳಿಕೆ ಬರೆದುಕೊಂಡು, ಸಿದ್ಧ ನಮೂನೆಗೆ ಸಹಿ ಹಾಕಿದ್ದೇನೆ. ಕೇಳಬೇಕಾಗಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದೆನೇ ಎಂಬ ಸಂದೇಹ ನಿವೃತ್ತಿಯ ನಂತರವೂ ಬಿಟ್ಟಿಲ್ಲ.

ಪೊಲೀಸ್ ವಶದಲ್ಲಿನ ಸಾವುಗಳಿಗೆ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆಯನ್ನು 2005ರ ತಿದ್ದುಪಡಿ ಕಡ್ಡಾಯಗೊಳಿಸಿತು. ಅದು ಜಾರಿಗೆ ಬಂದದ್ದು 2006ರ ಜೂನ್‌ನಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮೂ ಪೊಲೀಸ್ ತನಿಖೆಯಲ್ಲದೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕೆನ್ನುತ್ತದೆ. ಕಾನೂನಿನ ಕೊರತೆ ಇಲ್ಲಿಲ್ಲ. ಆ ವಿಚಾರಣೆ ಬಹಿರಂಗವಾಗಿರಬೇಕು, ಎರಡನೆಯ ವೈದ್ಯನ ಅಭಿಪ್ರಾಯಕ್ಕೆ ಅವಕಾಶವಿರಬೇಕು, ಅದಕ್ಕೆ ಬೇಕಾದ ಹಣ ಮತ್ತು ಸಮಯವನ್ನು ಸರ್ಕಾರ ಒದಗಿಸಬೇಕು. ಸತ್ತವನು ಬಡವನೆಂಬ ಕಾರಣಕ್ಕೆ ಪ್ರಶ್ನೆ ಕೇಳುವ ಖರ್ಚು ದುಬಾರಿಯೆನಿಸಬಾರದು. ವೇಕ್ಲಿ ತನ್ನ ಕಾಲದ ಮ್ಯಾಜಿಸ್ಟ್ರೇಟರೊಂದಿಗೆ ಜಗಳವಾಡಿದ್ದು ಇಷ್ಟಕ್ಕೇ.