ಹೊಟ್ಟೆಗೆ ಹಿಟ್ಟಿಲ್ಲ, ಹೆಸರಿಗೆ ರತ್ನ

ಪರ್ಮನೆಂಟ್ ಅಂದ್ರೇನು, ಕಾಂಟ್ರಾಕ್ಟ್ ಅಂದ್ರೇನು ಅಂತ ವಾಡಿ, ಶಹಾಬಾದ, ಸೇಡಂ ಕಡೆಯ ಮಂದಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಒಂದೇ ಪಾಳಿಗೆ ಒಳಗೆ ಹೋಗುವ ಇಬ್ಬರಲ್ಲಿ ಒಬ್ಬನಿಗೆ ನಾಳೆಯ ಭರವಸೆ ಇರ್ತದ, ಇನ್ನೊಬ್ಬನಿಗೆ ಗುತ್ತೇದಾರನ ಮರ್ಜಿಯೇ ಗತಿ. ಮೈಮೇಲಿನ ಧೂಳು ಮಾತ್ರ ಇಬ್ಬರಿಗೂ ಒಂದೇ.

ಈ ಮಾತು ಇವತ್ತು ಯಾಕೆ ಬಂತಂದ್ರ, ಆಗಸ್ಟ್ 29 ಬಂತೆಂದರೆ ದೇಶದ ತುಂಬಾ ಒಬ್ಬ ಆಟಗಾರನ ಫೋಟೋಕ್ಕೆ ಹಾರ ಬೀಳುತ್ತದೆ. ಅದು ರಾಷ್ಟ್ರೀಯ ಕ್ರೀಡಾ ದಿನ. ಹಾರ ಬೀಳುವುದು ಹಾಕಿಯ ಧ್ಯಾನ್ ಚಂದ್ ಅವರಿಗೆ. ಅವತ್ತು ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ ಅದೇ ಹಳೆಯ ವಾದ. ಧ್ಯಾನ್ ಚಂದ್‌ಗೆ ಭಾರತ ರತ್ನ ಯಾಕ ಕೊಟ್ಟಿಲ್ಲ? ಕೊಡ್ಲಿಯಲ್ಲಿ ಬಸ್ ಹತ್ತಿದವರು ಕಲಬುರಗಿ ಮುಟ್ಟುವ ತನಕ ಜಗಳಾಡಿದರೂ ಈ ವಾದ ಮುಗಿಯುವುದಿಲ್ಲ. ನಮ್ಮ ಅಭಿಪ್ರಾಯವೂ ಒಂದು ಇದೆ. ಆದರೆ ಮೊದಲು ಆ ಮನುಷ್ಯನ ಬದುಕು ಕೇಳಿ. ಆಮೇಲೆ ರತ್ನದ ಮಾತು ಬೇರೆಯೇ ಕಾಣುತ್ತದೆ.

1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿದ ಆ ಹುಡುಗನ ಹೆಸರು ಧ್ಯಾನ್ ಸಿಂಗ್. ತಂದೆ ಬ್ರಿಟಿಷರ ಸೈನ್ಯದಲ್ಲಿದ್ದರು. ವರ್ಗವಾದಲ್ಲಿಗೆಲ್ಲ ಗಂಟುಮೂಟೆ ಕಟ್ಟುವ ಸಂಸಾರ. ಹೀಗಾಗಿ ಹುಡುಗನ ಓದು ಆರು ವರ್ಷಕ್ಕೇ ನಿಂತಿತು. ಕೊನೆಗೆ ಕುಟುಂಬ ಝಾನ್ಸಿಯಲ್ಲಿ ನೆಲೆಯೂರಿತು. ನಮ್ಮ ಕಡೆಯ ಹುಡುಗರ ಹಾಗೆ ಅವನಿಗೂ ಕುಸ್ತಿ ಅಂದ್ರೆ ಪ್ರೀತಿ. ಹಾಕಿಯ ಹುಚ್ಚು ಚಿಕ್ಕಂದಿನಲ್ಲಿ ಇರಲೇ ಇಲ್ಲ.

1922ರಲ್ಲಿ, ಮೀಸೆ ಸರಿಯಾಗಿ ಮೂಡುವ ಮುಂಚೆಯೇ, ಸಿಪಾಯಿಯಾಗಿ ಸೈನ್ಯ ಸೇರಿದ. ಹಾಕಿ ಕೋಲು ಗಟ್ಟಿಯಾಗಿ ಕೈಗೆ ಬಂದದ್ದು ಅಲ್ಲಿಯೇ. ಹಗಲೆಲ್ಲ ಡ್ಯೂಟಿ, ಮೈದಾನಕ್ಕೆ ದೀಪವಿಲ್ಲ. ಬೆಳದಿಂಗಳು ಬಿದ್ದ ಮೇಲೆ ಒಬ್ಬನೇ ಚೆಂಡು ಹಿಡಿದು ನಿಲ್ಲುತ್ತಿದ್ದ. ಚಂದ್ರನ ಬೆಳಕಿನಲ್ಲಿ ಆಡಿದವನಿಗೆ ಜೊತೆಗಾರರು ಚಂದ್ ಎಂದು ಹೆಸರಿಟ್ಟರೆಂಬುದು ಪ್ರತೀತಿ. ಆ ಹೆಸರೇ ಲೋಕಕ್ಕೆ ಗೊತ್ತಾಯಿತು. ಅಪ್ಪ ಇಟ್ಟ ಹೆಸರು ಹಿಂದೆ ಉಳಿಯಿತು.

1926ರಲ್ಲಿ ಸೈನ್ಯದ ತಂಡ ನ್ಯೂಜಿಲೆಂಡಿಗೆ ಹೋಯಿತು. ಆಡಿದ್ದು 21 ಪಂದ್ಯ, ಗೆದ್ದದ್ದು 18, ಸೋತದ್ದು ಒಂದೇ ಒಂದು. ಆ ದೇಶದ ಜನ ಈ ಕಪ್ಪು ಹುಡುಗನ ಕೋಲು ನೋಡಲಿಕ್ಕೆಂದೇ ಮೈದಾನಕ್ಕೆ ಬಂದರು. ತಿರುಗಿ ಬಂದ ಮೇಲೆ ಸರಕಾರ ಕೊಟ್ಟ ಇನಾಮು ಏನು? ತೋಳಿನ ಮೇಲೆ ಒಂದು ಪಟ್ಟಿ. ಸಿಪಾಯಿ ಲ್ಯಾನ್ಸ್ ನಾಯಕ್ ಆದ. ಅಷ್ಟೇ. ಇಲ್ಲಿಂದಲೇ ಲೆಕ್ಕ ಇಟ್ಟುಕೊಳ್ಳಿ ಓದುಗರೇ, ಮುಂದೆ ಬೇಕಾಗುತ್ತದೆ.

1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್. ಭಾರತ ಐದು ಪಂದ್ಯ ಆಡಿ 29 ಗೋಲು ಹೊಡೆಯಿತು. ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. 29ರಲ್ಲಿ 14 ಗೋಲು ಧ್ಯಾನ್ ಚಂದ್ ಒಬ್ಬರವೇ. ಮೇ 26ರ ಫೈನಲಿನಲ್ಲಿ ಹಾಲೆಂಡನ್ನು ಅವರ ಮನೆಯಂಗಳದಲ್ಲೇ 3-0 ಸೋಲಿಸಿ ಭಾರತ ಮೊದಲ ಹಾಕಿ ಚಿನ್ನ ತಂದಿತು.

ಚಿನ್ನ ತಂದವನಿಗೆ ಆಮೇಲೆ ರಜೆ ಸಿಗಬೇಕಲ್ಲ? ಸಿಗಲಿಲ್ಲ ನೋಡ್ರಿ. ಅವರ ಪಲ್ಟನ್ನು ವಾಯವ್ಯ ಗಡಿಯಲ್ಲಿತ್ತು. 1932ರ ಒಲಿಂಪಿಕ್ಸಿಗೆ ಆಯ್ಕೆ ಮಾಡಲು ನಡೆದ ಪ್ರಾಂತಗಳ ಪಂದ್ಯಕ್ಕೆ ಹೋಗಲು ಹಾಕಿ ಫೆಡರೇಷನ್ನು ರಜೆ ಕೇಳಿತು. ಪಲ್ಟನ್ನಿನವರು ಕೊಡಲಿಲ್ಲ. ಜಗತ್ತಿನ ಅತಿ ದೊಡ್ಡ ಆಟಗಾರನಾದರೂ ಹಾಜರಿ ಪುಸ್ತಕದಲ್ಲಿ ಒಬ್ಬ ಸಿಪಾಯಿ, ಅಷ್ಟೇ. ಕೊನೆಗೆ ಫೆಡರೇಷನ್ನು ಆಯ್ಕೆಯ ಪರೀಕ್ಷೆಯೇ ಇಲ್ಲದೆ ನೇರವಾಗಿ ತಂಡಕ್ಕೆ ತೆಗೆದುಕೊಂಡಿತು. ಕಾರ್ಖಾನೆಯಲ್ಲಿ ಮನೆಯ ಮದುವೆಗೆ ರಜೆ ಸಿಗದೆ ಒದ್ದಾಡಿದವರಿಗೆ ಈ ಕಥೆ ಬೇಗ ತಿಳಿಯುತ್ತದೆ.

ಆ ವರ್ಷ ಲಾಸ್ ಏಂಜಲೀಸಿನಲ್ಲಿ ಹಾಕಿಗೆ ಬಂದದ್ದೇ ಮೂರು ತಂಡ. ಜಪಾನಿಗೆ 11-1, ಅಮೆರಿಕಕ್ಕೆ 24-1. ಅಮೆರಿಕದ ವಿರುದ್ಧ ತಮ್ಮ ರೂಪ್ ಸಿಂಗ್ 10 ಗೋಲು, ಅಣ್ಣ ಧ್ಯಾನ್ ಚಂದ್ 8 ಗೋಲು. ಒಂದೇ ಮನೆಯಿಂದ 18! ಆದರೆ ಫೆಡರೇಷನ್ನಿನ ಕೈಯಲ್ಲಿ ದುಡ್ಡಿರಲಿಲ್ಲ. ಹಡಗಿನ ಖರ್ಚು ಹುಟ್ಟಿಸಲು ಈ ಚಿನ್ನದ ತಂಡ ದಾರಿಯುದ್ದಕ್ಕೂ ದೇಶ ದೇಶಗಳಲ್ಲಿ ಪಂದ್ಯ ಆಡಬೇಕಾಯಿತು. ಹಳ್ಳಿಯ ಬಯಲಾಟದ ಮೇಳ ಊರೂರು ತಿರುಗಿದ ಹಾಗೆ. 1935ರಲ್ಲಿ ಮತ್ತೆ ನ್ಯೂಜಿಲೆಂಡ್ ಕಡೆ ಹೋದಾಗ ಅವರೇ ನಾಯಕ. ಆ ಒಂದೇ ಪ್ರವಾಸದಲ್ಲಿ ಅವರು ಹೊಡೆದ ಗೋಲು 201.

1936ರ ಬರ್ಲಿನ್ ಕಥೆ ಎಲ್ಲರ ಬಾಯಲ್ಲಿದೆ. ಒಲಿಂಪಿಕ್ಸಿಗೆ ಮುಂಚಿನ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮನ್ನು 4-1 ಸೋಲಿಸಿತ್ತು. ಫೈನಲಿನಲ್ಲಿ ಮತ್ತೆ ಅದೇ ಜರ್ಮನಿ. ಮಳೆಯಿಂದ ಒಂದು ದಿನ ಮುಂದೆ ಹೋಗಿ ಪಂದ್ಯ ನಡೆದದ್ದು ಆಗಸ್ಟ್ 15ರಂದು. ಕಣಕ್ಕಿಳಿಯುವ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಆಟಗಾರರು ಕಾಂಗ್ರೆಸ್ಸಿನ ತ್ರಿವರ್ಣಕ್ಕೆ ಸೆಲ್ಯೂಟ್ ಹೊಡೆದರು. ಆ ಹೊತ್ತಿನಲ್ಲಿ ಅದು ಬ್ರಿಟಿಷರ ಪಗಾರ ತಿನ್ನುವ ಸೈನಿಕನಿಗೆ ಸಣ್ಣ ಧೈರ್ಯವಲ್ಲ. ಗೆದ್ದದ್ದು 8-1. ಮುಂದೆ ಅದೇ ಆಗಸ್ಟ್ 15 ದೇಶದ ಹಬ್ಬವಾಯಿತು, ನಮ್ಮ ನಿಜಾಮ ಸೀಮೆಗೆ ಅದು 1948ರ ಸೆಪ್ಟೆಂಬರ್ 17ರ ತನಕ ತಡವಾಗಿ ಬಂದರೂ.

ಇನ್ನು ಹಿಟ್ಲರ್ ಕರೆದು ಜರ್ಮನಿಯ ಸೈನ್ಯದಲ್ಲಿ ದೊಡ್ಡ ಹುದ್ದೆ ಕೊಡುತ್ತೇನೆಂದ, ಇವರು ಒಲ್ಲೆ ಅಂದರು ಎಂಬ ಕಥೆ. ಚಹಾದ ಅಂಗಡಿಯಲ್ಲಿ ಇದು ಪ್ರಮಾಣ ಮಾಡಿ ಹೇಳುವ ಮಾತು. ಖರೇ ಹೇಳಬೇಕಂದ್ರ ಅದಕ್ಕೆ ಗಟ್ಟಿ ದಾಖಲೆ ಸಿಕ್ಕಿಲ್ಲ. ನಮಗೆ ಆ ಕಥೆ ಬೇಕಾಗಿಯೂ ಇಲ್ಲ. ಪರದೇಶದ ಸರ್ವಾಧಿಕಾರಿ ಕೊಡಲು ಬಂದದ್ದನ್ನು ಹಾಡಿ ಹೊಗಳುವ ನಾವು, ನಮ್ಮ ದೇಶ ಕೈಯಾರೆ ಏನು ಕೊಟ್ಟಿತು ಎಂದು ಕೇಳುವುದಿಲ್ಲ. ಕೇಳಬೇಕಾದದ್ದು ಅದು.

ಕೊಟ್ಟದ್ದು ಇಷ್ಟು. ಮೂರು ಒಲಿಂಪಿಕ್ ಚಿನ್ನ ಗೆದ್ದ ಎರಡು ವರ್ಷಕ್ಕೆ, 1938ರಲ್ಲಿ, ವೈಸ್‌ರಾಯ್ ಕಮಿಷನ್ ಸಿಕ್ಕಿತು. ಪೂರ್ತಿ ಅಧಿಕಾರಿಯ ಕಮಿಷನ್ ಬಂದದ್ದು ಯುದ್ಧದ ನಡುವೆ, 1943ರಲ್ಲಿ. ಆ ಯುದ್ಧ 1940 ಮತ್ತು 1944ರ ಎರಡು ಒಲಿಂಪಿಕ್ಸನ್ನು ನುಂಗಿತು. ಇಲ್ಲದಿದ್ದರೆ ಇನ್ನೆಷ್ಟು ಚಿನ್ನ ಬರುತ್ತಿತ್ತೋ. ದೇಶ ಸ್ವತಂತ್ರವಾದ ಹೊಸದರಲ್ಲಿ ಪೂರ್ವ ಆಫ್ರಿಕಾದವರು ತಂಡ ಕಳಿಸಿರೆಂದು ಕೇಳಿದರು. ಧ್ಯಾನ್ ಚಂದ್ ಇಲ್ಲದಿದ್ದರೆ ತಂಡವೇ ಬೇಡ ಎಂಬುದು ಅವರ ಶರತ್ತು. 42ರ ವಯಸ್ಸಿನಲ್ಲಿ ಮತ್ತೆ ಕೋಲು ಹಿಡಿದು ಹೋದರು. ಟಿಕೆಟ್ ಮಾರಿದ್ದು ಅವರ ಹೆಸರು. ಜೇಬಿಗೆ ಬಂದದ್ದು ಮಾತ್ರ ಸೈನ್ಯದ ಸಂಬಳ.

1956ರಲ್ಲಿ, 51ನೇ ವಯಸ್ಸಿನಲ್ಲಿ, ನಿವೃತ್ತಿ. ಅದೇ ವರ್ಷ ಪದ್ಮಭೂಷಣ. ಮೇಜರ್ ಧ್ಯಾನ್ ಚಂದ್ ಎಂದೇ ನಾಡು ಕರೆಯಿತು. ಆಮೇಲೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹುಡುಗರಿಗೆ ಹಾಕಿ ಕಲಿಸಿದರು. ಕೊನೆಗೆ ಝಾನ್ಸಿಯ ಮನೆ ಸೇರಿದರು. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲಿನಲ್ಲಿ ಪಾಕಿಸ್ತಾನದ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಅವರ ಮಗ ಅಶೋಕ್ ಕುಮಾರ್. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದರು. ಅಪ್ಪನಿಗೆ ಅದು ದೊಡ್ಡ ಸಂತೋಷ. ಆದರೆ ಮನೆಯಲ್ಲಿ ಕೈ ಬಿಗಿಯಿತ್ತು, ಮೈಯಲ್ಲಿ ರೋಗವಿತ್ತು. ಯಕೃತ್ತಿನ ಕ್ಯಾನ್ಸರ್. ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ 1979ರ ಡಿಸೆಂಬರ್ 3ರಂದು ತೀರಿಕೊಂಡರು. ಮಲಗಿದ್ದದ್ದು ಜನರಲ್ ವಾರ್ಡಿನಲ್ಲಿ.

ಜನರಲ್ ವಾರ್ಡು ಕೀಳಲ್ಲ. ನಾವೂ ನೀವೂ ಅಲ್ಲಿಯೇ ಮಲಗುವವರು. ಆದರೆ ಸತ್ತ ಮೇಲೆ ನಡೆದದ್ದು ನೋಡಿದರೆ ಸಿಟ್ಟು ಬರ್ತದ. 1980ರಲ್ಲಿ ಅಂಚೆ ಚೀಟಿ ಬಂತು. 2002ರಲ್ಲಿ ದಿಲ್ಲಿಯ ನ್ಯಾಷನಲ್ ಸ್ಟೇಡಿಯಂಗೆ ಅವರ ಹೆಸರು ಬಂತು. ಅದೇ ವರ್ಷ ಜೀವಮಾನದ ಸಾಧನೆಗೊಂದು ಧ್ಯಾನ್ ಚಂದ್ ಪ್ರಶಸ್ತಿ ಶುರುವಾಯಿತು. 2024ರ ಪ್ರಶಸ್ತಿಗಳ ಹೊತ್ತಿಗೆ ಆ ಹೆಸರು ಕಿತ್ತು ಅರ್ಜುನ ಎಂದು ಬರೆದರು, ಆ ಮಾತು ಬೇರೆ. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ನಮ್ಮ ಹಾಕಿ ಹುಡುಗರು ಕಂಚು ಗೆದ್ದರು. 1980ರ ನಂತರ ಹಾಕಿಗೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಮರುದಿನವೇ ದೇಶದ ಅತಿ ದೊಡ್ಡ ಕ್ರೀಡಾ ಪ್ರಶಸ್ತಿಯಲ್ಲಿದ್ದ ರಾಜೀವ್ ಗಾಂಧಿ ಹೆಸರು ತೆಗೆದು ಧ್ಯಾನ್ ಚಂದ್ ಹೆಸರಿಟ್ಟರು. ಆ ಪ್ರಶಸ್ತಿಯ ಜೊತೆ 25 ಲಕ್ಷ ರೂಪಾಯಿ. ತಮ್ಮ ಹೆಸರಿನ 25 ಲಕ್ಷದಲ್ಲಿ ಒಂದು ಪೈಸೆಯೂ ಆ ಮನುಷ್ಯನ ಔಷಧಕ್ಕೆ ಬರಲಿಲ್ಲ.

ಹೆಸರು ಇಡಲಿಕ್ಕೆ ಖರ್ಚೇನು ಸ್ವಾಮಿ? ಒಂದು ಬೋರ್ಡು, ಒಂದು ಡಬ್ಬಿ ಬಣ್ಣ.

ಈಗ ಭಾರತ ರತ್ನದ ಮಾತಿಗೆ ಬರೋಣ. 1954ರಲ್ಲಿ ಆ ಪ್ರಶಸ್ತಿ ಶುರುವಾದಾಗ ಕಲೆ, ಸಾಹಿತ್ಯ, ವಿಜ್ಞಾನ, ಸಾರ್ವಜನಿಕ ಸೇವೆ ಎಂದಿತ್ತು. ಆಟದ ಸುದ್ದಿಯೇ ಇರಲಿಲ್ಲ. 2011ರಲ್ಲಿ ನಿಯಮ ಬದಲಾಯಿತು. ಧ್ಯಾನ್ ಚಂದ್‌ಗೆ ಕೊಡಿ ಎಂದು ಸಂಸದರ ಒಂದು ಗುಂಪೂ ಆಗ ಕೇಳಿತ್ತು. 2013ರಲ್ಲಿ ಘೋಷಣೆಯಾದದ್ದು ಕ್ರಿಕೆಟ್ಟಿನ ಸಚಿನ್ ತೆಂಡೂಲ್ಕರ್ ಹೆಸರು. ಸಚಿನ್ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಸಾಲಿನಲ್ಲಿ ಮೊದಲು ನಿಂತವನನ್ನು ಬಿಟ್ಟು ಆಮೇಲೆ ಬಂದವನಿಗೆ ಟಿಕೆಟ್ ಹರಿದರೆ ಬಸ್ ಸ್ಟ್ಯಾಂಡಿನಲ್ಲಿ ಗಲಾಟೆ ಆಗಿಯೇ ಆಗುತ್ತದೆ. ಸತ್ತವರಿಗೆ ಹೇಗೆ ಕೊಡುವುದು ಅನ್ನುವವರಿಗೆ ಉತ್ತರ ಇದೆ. 1966ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರಿಗೆ, 2024ರಲ್ಲಿ ಕರ್ಪೂರಿ ಠಾಕೂರ್ ಅವರಿಗೆ ತೀರಿಕೊಂಡ ಮೇಲೆಯೇ ಕೊಟ್ಟಿದ್ದು.

ಹಾಗಾದರೆ ಕೊಡಬೇಕೋ ಬೇಡವೋ? ಕೊಡಲಿ. ಆದರೆ ಕೊಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಯಿತು ಅಂತ ಮಾತ್ರ ತಿಳಿಯಬೇಡಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಯಾಕಂದ್ರ ಇದು ಒಬ್ಬರ ಕಥೆಯಲ್ಲ. ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲಘು ಪದಾತಿ ದಳದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ 1956, 1960, 1964, ಮೂರು ಒಲಿಂಪಿಕ್ಸ್ ಆಡಿ ಎರಡು ಚಿನ್ನ, ಒಂದು ಬೆಳ್ಳಿ ತಂದರು. ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡೂ ಇದ್ದವು. 2006ರಲ್ಲಿ ಮಧ್ಯಪ್ರದೇಶದ ಮ್ಹೌ ಊರಿನಲ್ಲಿ ಕಾಲಿಗೆ ಗ್ಯಾಂಗ್ರೀನ್ ಆಗಿ, ದುಡ್ಡಿನ ತಾಪತ್ರಯದಲ್ಲೇ ಸತ್ತರು. ಕೊಡಗಿನ ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ದೇಶದ ನಾಯಕರು. ಅದೇ ವರ್ಷ ಅರ್ಜುನ ಬಂತು. ಪದ್ಮಶ್ರೀ ಬಂದದ್ದು 2020ರಲ್ಲಿ. ನಡುವೆ 47 ವರ್ಷ! ಆ ಹೊತ್ತಿಗೆ ಮೊಮ್ಮಕ್ಕಳಿಗೆ ಹಾಕಿ ಕಲಿಸಬಹುದು.

ಈಗಿನವರಿಗೆ ಒಳ್ಳೆಯ ಕಾಲ ಬಂದಿದೆ ಎನ್ನುತ್ತಾರೆ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ ಬಿದ್ದ ಬೆಲೆ 78 ಲಕ್ಷ. ಅವರಿಗೇ ಆ ಸಾಲಿನ ಧ್ಯಾನ್ ಚಂದ್ ಖೇಲ್ ರತ್ನವೂ ಬಂತು. ಕೆಲವರು ಮೂಗು ಮುರಿದರು. ನಾವು ಮುರಿಯುವುದಿಲ್ಲ. ಮೈ ಮುರಿದು ಆಡುವವನು ಸಂಪಾದಿಸಲಿ. ಆದರೆ ಒಂದು ಮಾತು ಮರೆಯಬೇಡಿ. ಇದೇ ಲೀಗು 2013ರಲ್ಲಿ ಶುರುವಾಗಿ 2017ರಲ್ಲಿ ಅಂಗಡಿ ಮುಚ್ಚಿತ್ತು. ಮತ್ತೆ ಬಾಗಿಲು ತೆರೆದದ್ದು 2024ರ ಡಿಸೆಂಬರಿನಲ್ಲಿ. ಆ ಏಳು ವರ್ಷದಲ್ಲಿ ಪ್ರಾಯ ಕಳೆದುಕೊಂಡ ಆಟಗಾರನ ಕಾಂಟ್ರಾಕ್ಟ್ ಯಾವ ಹರಾಜಿನಲ್ಲಿ ಸಿಗಬೇಕು? ಹರಾಜಿನ ದುಡ್ಡು ಮಳೆಗಾಲದ ಹಳ್ಳದ ಹಾಗೆ. ಬಂದರೆ ದಂಡೆ ಮೀರಿ ಬರ್ತದ, ಇಲ್ಲಂದ್ರ ಬರೀ ಕಲ್ಲು. ಹಾಕಿಯವನನ್ನು ಇಷ್ಟು ವರ್ಷ ಕೈಬಿಡದೆ ಸಾಕಿದ್ದು ಸೈನ್ಯ, ರೈಲ್ವೆ, ಪೊಲೀಸು, ಬ್ಯಾಂಕಿನ ನೌಕರಿಗಳು. ತಿಂಗಳು ತಿಂಗಳು ಬರುವ ಪಗಾರ.

ನಮ್ಮ ಚಿಂಚೋಳಿ, ಚಿತ್ತಾಪುರದ ಬಯಲಿನಲ್ಲಿ ಹುಡುಗರ ಕೈಯಲ್ಲಿ ಕ್ರಿಕೆಟ್ ಬ್ಯಾಟೇ ಹೆಚ್ಚು. ಅಪ್ಪಿತಪ್ಪಿ ಒಬ್ಬ ಹಾಕಿ ಕೋಲು ಹಿಡಿದು ನಿಂತರೆ ಅವನ ಅಪ್ಪ ಕೇಳುವುದು ರತ್ನದ ಬಗ್ಗೆ ಅಲ್ಲ. ಮೊಣಕಾಲು ಮುರಿದರೆ ಯಾರು ನೋಡ್ತಾರೆ, ಮೂವತ್ತೈದಾದ ಮೇಲೆ ಹೊಟ್ಟೆಗೆ ಏನು ಎಂದು ಕೇಳುತ್ತಾನೆ. ಅವನದು ತಪ್ಪಲ್ಲ. ಅದಕ್ಕೆ ಉತ್ತರ ಕೊಡುವ ಸರಕಾರ ಬಂದ ದಿನ ಧ್ಯಾನ್ ಚಂದ್‌ಗೆ ನಿಜವಾದ ಮರ್ಯಾದೆ.

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಡುತ್ತಾನೆ. ಇಳಿಯುವಾಗ ಕೇಳಿ ಇಸ್ಕೊಳ್ಳಬೇಕು. ಧ್ಯಾನ್ ಚಂದ್ ಕೇಳುವ ಜಾತಿಯವರಾಗಿರಲಿಲ್ಲ, 1979ರಲ್ಲಿ ಸುಮ್ಮನೆ ಇಳಿದುಹೋದರು. ಬಾಕಿ ಬರೆದ ಚೀಟಿ ಇನ್ನೂ ನಮ್ಮ ಕೈಯಲ್ಲೇ ಇದೆ. ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು ಬೇಡ. ಈಗ ಬಸ್ಸಿನಲ್ಲಿ ಕೂತಿರುವ ಹುಡುಗರಿಗಾದರೂ, ಅವರ ಸ್ಟಾಪ್ ಬರುವ ಮುಂಚೆ, ಚಿಲ್ಲರೆ ಕೊಟ್ಟುಬಿಡಿ.