ಲೆಕ್ಕವನ್ನು ಆಟವಾಗಿಸಿದ ಮಳಖೇಡದ ಮಹಾವೀರಾಚಾರ್ಯ

ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ನಗರ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರೂಪುಗೊಂಡ ಯುಗದಲ್ಲೇ, ಕ್ರಿ.ಶ. 850ರ ಸುಮಾರಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದರು.

ಗಣಿತವನ್ನು ಜ್ಯೋತಿಷದ ನೆರಳಿನಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದ್ದು ಅವರ ಹಿರಿಮೆ. ಸೂತ್ರದ ಬೆನ್ನಿಗೇ ಒಗಟನ್ನಿಡುವುದು ಅವರ ಬೋಧನಾ ಕ್ರಮ. ಮಾವಿನ ರಾಶಿಯಲ್ಲಿ ಅರಸ ಆರನೆಯ ಒಂದು ಭಾಗವನ್ನೂ, ಉಳಿದುದರಲ್ಲಿ ರಾಣಿ ಐದನೆಯ ಒಂದು ಭಾಗವನ್ನೂ, ಬಳಿಕ ಮೂವರು ಕುಮಾರರು ಕ್ರಮವಾಗಿ ಉಳಿದುದರ ಕಾಲು, ಮೂರನೆಯ ಒಂದು, ಅರ್ಧ ಭಾಗಗಳನ್ನೂ ಪಡೆದು, ಕಿರಿಯ ಮಗುವಿಗೆ ಮೂರು ಹಣ್ಣು ಉಳಿದರೆ ರಾಶಿ ಎಷ್ಟು? ಉತ್ತರ 18. 142857143ನ್ನು 7ರಿಂದ ಗುಣಿಸಿದರೆ ದೊರೆಯುವ 1000000001 ಅವರ ಕಣ್ಣಿಗೆ ಅಂಕೆಗಳ ಕಂಠಹಾರ.

ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದೆಂಬ ಪ್ರಶ್ನೆಗೆ 63 ಎಂಬ ಉತ್ತರ ನೀಡುವ, ವಿಕಲ್ಪಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನೂ ಅವರು ಕೊಟ್ಟರು. ಇಂದಿನ ಗಣಕ ಸುರಕ್ಷತೆಯ ಮೊದಲ ಪಾಠಕ್ಕೂ ಇಂಥ ಎಣಿಕೆಯೇ ಅಡಿಪಾಯ. ನಾಲ್ಕು ಅಂಕಿಗಳ ಗುಪ್ತಸಂಖ್ಯೆಗೆ 10,000 ಸಾಧ್ಯತೆಗಳಿವೆ. ಆರು ಅಂಕಿಗಳಾದರೆ ಹತ್ತು ಲಕ್ಷ. ಜನ್ಮವರ್ಷವನ್ನೇ ಗುಪ್ತಸಂಖ್ಯೆಯಾಗಿಸಿಕೊಂಡವರನ್ನು ವಂಚಿಸಲು ನೂರರಷ್ಟು ಊಹೆಗಳೇ ಸಾಕು. ಜೊತೆಗಾರನ ಗುಪ್ತಸಂಖ್ಯೆಯನ್ನು ಊಹಿಸುವ ಆಟವಾಡಿದ ವಿದ್ಯಾರ್ಥಿಗೆ ಇದು ಉಪದೇಶವಿಲ್ಲದೆ ಮನದಟ್ಟಾಗುತ್ತದೆ.

ಆಚಾರ್ಯರೂ ತಪ್ಪಿದ್ದುಂಟು. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದೆಂದು ಅವರು ಬರೆದರು. ನಂತರದ ಗಣಿತಜ್ಞರು ಅದನ್ನು ಒಪ್ಪಲಿಲ್ಲ. ಎಷ್ಟೇ ದೊಡ್ಡವರ ಮಾತಾದರೂ ಪರೀಕ್ಷಿಸದೆ ಒಪ್ಪಬಾರದೆಂಬುದು ಗಣಿತದ ಶಿಸ್ತು. ಬ್ಯಾಂಕಿನ ಹೆಸರು ಹೇಳಿ ಬರುವ ಕರೆಗೂ ಅದೇ ಶಿಸ್ತು ಸಲ್ಲುತ್ತದೆ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಕೃತಿಯನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಣಿತ ಚರಿತ್ರೆಯಲ್ಲಿ ಮಹಾವೀರಾಚಾರ್ಯರ ಹೆಸರು ನೆಲೆಯೂರಿತು.

ಮನೆಮಂದಿಯ ಮೊಬೈಲ್ ಹಣಪಾವತಿಯನ್ನು ಇಂದು ಎಷ್ಟೋ ಕಡೆ ಪ್ರೌಢಶಾಲೆಯ ಮಕ್ಕಳೇ ನಿರ್ವಹಿಸುತ್ತಾರೆ. ಮಳಖೇಡದ ಕೋಟೆಯ ಗೋಡೆಗಳು ಕುಸಿದಿವೆ. ಆದರೆ ಚಿಮ್ಮನಚೋಡ, ಚಿತ್ತಾಪುರ, ವಾಡಿಯ ಶಾಲಾಮಕ್ಕಳಿಗೆ ತಮ್ಮ ಮನೆಯ ಗಳಿಕೆಯನ್ನು ಕಾಯಲು ಬೇಕಾದ ಎಣಿಕೆಯ ವಿದ್ಯೆ ಇದೇ ಸೀಮೆಯ ಆಸ್ತಿ.