ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್

ರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವುದು ಎಷ್ಟು ಮುಖ್ಯವೋ, ಚೇತರಿಸಿಕೊಂಡವನನ್ನು ಸಕಾಲದಲ್ಲಿ ಕಳುಹಿಸಿಕೊಡುವುದೂ ಅಷ್ಟೇ ಮುಖ್ಯ. ಈ ಸತ್ಯವನ್ನು ಲೋಕಕ್ಕೆ ತಿಳಿಸಿಕೊಟ್ಟ ಮಹನೀಯರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಮುಖಳು.

ಆಕೆ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಮನೆತನದಲ್ಲಿ ಜನಿಸಿದಳು. ತಂದೆಯೇ ಆಕೆಗೆ ವಿದ್ಯಾಗುರು. ಗಣಿತದಲ್ಲಿ ಆಕೆಗೆ ವಿಶೇಷ ಒಲವು. ದಾದಿಯ ವೃತ್ತಿಯನ್ನು ಕೀಳೆಂದು ಬಗೆಯುತ್ತಿದ್ದ ಕಾಲವದು. ಮನೆಯವರ ವಿರೋಧಕ್ಕೆ ಅಂಜದೆ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಆಕೆ ರೋಗಿಶುಶ್ರೂಷೆಯನ್ನು ಕಲಿತಳು.

ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಳು. ಅಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಜ್ವರ, ಆಮಶಂಕೆ, ಕಾಲರಾಗಳಿಗೆ ಬಲಿಯಾಗುತ್ತಿದ್ದರು. ಇರುಳಿನಲ್ಲಿ ದೀಪ ಹಿಡಿದು ಒಬ್ಬೊಬ್ಬರನ್ನೂ ವಿಚಾರಿಸಿದರೂ ಸಾವು ನಿಲ್ಲಲಿಲ್ಲ. 1855ರಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಮರಣಸಂಖ್ಯೆ ಇಳಿಯಿತು. ಕರುಣೆಯೊಂದೇ ಸಾಲದು, ಸುವ್ಯವಸ್ಥೆಯೂ ಬೇಕೆಂಬುದನ್ನು ಅಂಕಿಅಂಶಗಳು ಆಕೆಗೆ ಮನಗಾಣಿಸಿದವು.

ಯುದ್ಧಾನಂತರ ಆಕೆ ಆಸ್ಪತ್ರೆಗಳನ್ನು ಕುರಿತು 1859ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, 1863ರಲ್ಲಿ ಅದನ್ನು ವಿಸ್ತರಿಸಿದಳು. ಶಸ್ತ್ರಚಿಕಿತ್ಸೆಯಾದವರನ್ನು ಚೇತರಿಸಿಕೊಳ್ಳುವವರೆಗೆ ಇರಿಸುವ ಪ್ರತ್ಯೇಕ ಕೊಠಡಿಯ ಪ್ರಸ್ತಾಪ ಅದರಲ್ಲಿದೆ. ಅಗತ್ಯ ಮುಗಿದ ಮೇಲೆ ಒಂದು ದಿನವೂ ರೋಗಿಯು ಆಸ್ಪತ್ರೆಯಲ್ಲಿ ಉಳಿಯಬಾರದು, ಗುಣಮುಖರಾಗುತ್ತಿರುವವರಿಗೆ ಬೇರೆ ವಿಶ್ರಾಂತಿಗೃಹಗಳಿರಬೇಕು ಎಂಬುದು ಆಕೆಯ ನಿಲುವು. ಸೇರಿದವರು, ಗುಣವಾದವರು, ಮಡಿದವರು, ಅವರು ಆಸ್ಪತ್ರೆಯಲ್ಲಿ ಕಳೆದ ದಿನಗಳು, ಇವೆಲ್ಲಕ್ಕೂ ಎಲ್ಲ ಆಸ್ಪತ್ರೆಗಳೂ ಒಂದೇ ಬಗೆಯ ಲೆಕ್ಕವನ್ನು ಇಡಬೇಕೆಂದು 1860ರಲ್ಲಿ ಸೂಚಿಸಿದಳು. ಅದೇ ವರ್ಷ ಲಂಡನ್ನಿನಲ್ಲಿ ದಾದಿಯರ ಶಿಕ್ಷಣಶಾಲೆ ಆರಂಭವಾಯಿತು. ಅನಾರೋಗ್ಯದಿಂದ ತಾನೇ ಹಾಸಿಗೆ ಹಿಡಿದಿದ್ದರೂ ಭಾರತದ ಸೈನಿಕ ಠಾಣ್ಯಗಳ ವರದಿಗಳನ್ನು ಪರಿಶೀಲಿಸಿ, ಬೆಂಗಳೂರಿನ ಹಲಸೂರು ಕೆರೆಗೆ ಕೊಳಚೆ ಸೇರುತ್ತಿದ್ದುದನ್ನು ಎತ್ತಿ ತೋರಿಸಿದಳು. 1910ರ ಆಗಸ್ಟ್ 13ರಂದು ಆಕೆ ನಿಧನಳಾದಳು.

1953ರಲ್ಲಿ ಡೆನ್ಮಾರ್ಕಿನ ವೈದ್ಯ ಬ್ಯೋರ್ನ್ ಇಬ್ಸೆನ್ ಕೋಪನ್‌ಹೇಗನ್ನಿನಲ್ಲಿ ತೀವ್ರ ನಿಗಾ ಘಟಕವನ್ನು ಸ್ಥಾಪಿಸಿದನು. ಇಂತಹ ಘಟಕಗಳಲ್ಲಿ ಹಾಸಿಗೆಗಳು ಕೆಲವೇ. ಚೇತರಿಸಿಕೊಂಡ ರೋಗಿಯನ್ನು ಸಾಮಾನ್ಯ ವಾರ್ಡಿಗೆ ಕಳುಹಿಸಬೇಕೆಂದರೆ ಅಲ್ಲಿ ಹಾಸಿಗೆ ತೆರವಾಗಿರಬೇಕು. ವಾರ್ಡಿನ ರೋಗಿ ಮನೆಗೆ ಮರಳಬೇಕೆಂದರೆ ಕಾಗದಪತ್ರಗಳು ಮುಗಿದಿರಬೇಕು, ನೋಡಿಕೊಳ್ಳುವವರಿರಬೇಕು. ಈ ಸರಪಳಿಯ ಒಂದು ಕೊಂಡಿ ತಡವಾದರೂ ಎಲ್ಲವೂ ತಡವಾಗುತ್ತದೆ. ಬೇಗ ಕಳುಹಿಸುವ ಆತುರದಲ್ಲಿ ಇನ್ನೂ ಚೇತರಿಸದವನನ್ನು ಹೊರಡಿಸುವುದೂ ಸಲ್ಲದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಪ್ರಾಣಾಪಾಯದಲ್ಲಿರುವ ರೋಗಿಗಳನ್ನು ಬೆಂಗಳೂರಿಗೆ ಕರೆದೊಯ್ಯುವುದುಂಟು. ಅಲ್ಲಿ ಗುಣವಾದವನೊಬ್ಬನು ಬಿಟ್ಟುಕೊಡುವ ಹಾಸಿಗೆಯೇ ಹಾಗೆ ಬಂದವನಿಗೆ ಜೀವದಾನವಾಗಬಲ್ಲದು. ಕರುಣೆಯೊಡನೆ ಲೆಕ್ಕವನ್ನೂ ಜೋಡಿಸಿದ ನೈಟಿಂಗೇಲಳ ಬಾಳು ನಮಗೆ ಕಲಿಸುವ ಪಾಠವಿದು.